ಶರಣು ಮಾಡುವ ಬೋಟು

ಸೋಮವಾರ ಹತ್ತು ಗಂಟೆಯ ಸುಮಾರಿಗೆ ಹುನಗುಂದದ ಶೆಡ್ಡಿನಲ್ಲಿ ಪಂಪಿನ ಬುಷ್ ಒಂದನ್ನು ವೈಸಿನ ಇಕ್ಕಳಕ್ಕೆ ಕಚ್ಚಿಸಿ ಅಂದಾನಪ್ಪ ಕೈ ಬಿಟ್ಟ. ವೈಸಿನ ಸಲಾಕೆ ತನ್ನ ತೂತಿನಲ್ಲಿ ಸರ್ರನೆ ಜಾರಿ ಕೆಳಗೆ ಬಂದು ಟಣ್ ಎಂದು ನಿಂತಿತು. ಹದಿನಾಲ್ಕು ವರ್ಷಗಳಿಂದ ದಿನಕ್ಕೆ ನೂರು ಸಲ ಕೇಳಿದ ಸದ್ದು ಅದು, ಕಿವಿಗೆ ಬಿದ್ದರೂ ಬೀಳದಂಥದ್ದು. ಇವತ್ತು ಮಾತ್ರ ಆ ಸದ್ದಿಗೆ ಅವನ ಎದೆ ಧಸಕ್ಕೆಂದಿತು. ಸಲಾಕೆಯನ್ನು ಮತ್ತೊಮ್ಮೆ ಮೇಲಕ್ಕೆಳೆದು ಕೈ ಬಿಟ್ಟ. ಟಣ್. ಕೈ ಬಿಟ್ಟರೆ ಬೀಳುತ್ತದೆ. ಕೂಡಲಸಂಗಮದ ಬೋಟಿನ ಹಿಡಿಕೆಯೊಂದೇ ಇನ್ನು ಮೇಲೆ ಬೀಳುವುದಿಲ್ಲ. ನಿನ್ನೆಯಿಂದ ಅದು ಬಿಟ್ಟಲ್ಲೇ ನಿಲ್ಲುತ್ತದೆ. ಹಾಗೆ ನಿಲ್ಲಲಿ ಎಂದೇ ಅಲ್ಲವೇ ತಾನು ಎರಡು ದಿನ ಕೂತು ಅದಕ್ಕೆ ಅರ ತಿಕ್ಕಿದ್ದು. ಆದರೆ ಬೋಟು ನಡೆಸುವ ಮಲಕಪ್ಪ ಕೈ ಬಿಡುತ್ತಾನೆ. ನಡುನೀರಿನಲ್ಲಿ, ಕಣ್ಣು ಮುಚ್ಚಿ, ಎರಡೂ ಕೈ ಬಿಡುತ್ತಾನೆ. ಅವ್ವ ಇವತ್ತು ಅದೇ ಬೋಟಿನಲ್ಲಿ ಕೂತಿರುತ್ತಾಳೆ.

ಅವ್ವ ಗುರುಲಿಂಗವ್ವ ಬೆಳಿಗ್ಗೆ ಎಂಟರ ಬಸ್ಸಿಗೆ ಮಗ್ಗುಲ ಮನೆಯ ರಂಗವ್ವನನ್ನು ಕಟ್ಟಿಕೊಂಡು ಹೋಗಿದ್ದಳು. ಶ್ರಾವಣದ ಸೋಮವಾರ, ಸಂಗಮನಾಥನ ದರ್ಶನವೇನೋ ಸರಿ; ಆದರೆ ಅವಳಿಗೆ ನಿಜವಾಗಿ ನೋಡಬೇಕಾಗಿದ್ದದ್ದು ಬೋಟು. 'ಶರಣು ಮಾಡೂ ಬೋಟು' ಎಂದು ಹುನಗುಂದದಿಂದ ಕಮತಗಿಯವರೆಗೆ ಹೆಂಗಸರ ಬಾಯಲ್ಲಿ ಅದು ಹೆಸರಾಗಿ ಒಂದು ವರ್ಷದ ಮೇಲಾಗಿತ್ತು. ಕೆಳಗೆ ಕೃಷ್ಣೆಗೆ ಕಟ್ಟೆ ಕಟ್ಟಿ ಹಿನ್ನೀರು ಸಂಗಮದ ಮೆಟ್ಟಿಲು ಹತ್ತಿ ಎರಡು ಮಳೆಗಾಲ ಕಳೆದಿದ್ದವು. ನೀರಿನ ನಡುವೆ ಉಳಿದ ಐಕ್ಯ ಮಂಟಪದ ಸುತ್ತ ಬಾವಿಯಂತೆ ಎತ್ತರಕ್ಕೆ ಗೋಡೆ ಕಟ್ಟಿದ್ದರು. ಅಲ್ಲಿಗೆ ಭಕ್ತರನ್ನು ಒಯ್ಯಲೆಂದು ಇಲಾಖೆಯವರು ಡೀಸೆಲ್ ಎಂಜಿನ್ನಿನ ಬೋಟೊಂದನ್ನು ತಂದು, ಹರಿಗೋಲು ಹಾಕುತ್ತಿದ್ದ ಮಲಕಪ್ಪನನ್ನೇ ಅದಕ್ಕೆ ನೇಮಿಸಿದ್ದರು. ಎಂಜಿನ್ನಿನ ಓಟ ಏರಿಸುವ ಇಳಿಸುವ ಥ್ರಾಟಲ್ ಹಿಡಿಕೆ, ಮಲಕಪ್ಪನ ಬಾಯಲ್ಲಿ 'ರೇಸಿನ ಹಿಡಿಕಿ', ಬಂದ ಆರು ತಿಂಗಳಿಗೇ ಸವೆದುಹೋಗಿತ್ತು. ಕೈಯಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಬೋಟು ಓಡುವುದು. ಕೈ ಬಿಟ್ಟರೆ ಒಳಗಿನ ಸ್ಪ್ರಿಂಗ್ ಎಳೆದು ಹಿಡಿಕೆ ಕೆಳಕ್ಕೆ ಬೀಳುವುದು, ಎಂಜಿನ್ನು ಗುಟುರು ನಿಲ್ಲಿಸಿ ಗೊಣಗಲು ತೊಡಗುವುದು. ಎರಡು ಹೊಳೆಯ ನೀರು ಕೂಡುವ ಗೆರೆಯ ಮೇಲೆ, ಮಂಟಪದ ಎದುರಿಗೆ ಬಂದಾಗ ಮಲಕಪ್ಪ ಎರಡೂ ಕೈ ತಲೆಯ ಮೇಲೆತ್ತಿ ಮುಗಿಯುತ್ತಿದ್ದ. ಅವನ ಅಪ್ಪನೂ ಹರಿಗೋಲಿನ ಹುಟ್ಟು ತೊಡೆಯ ಮೇಲಿಟ್ಟು ಅಲ್ಲೇ ಮುಗಿಯುತ್ತಿದ್ದನಂತೆ. ಆಗ ಬೋಟಿನ ಸದ್ದು ತಾನಾಗಿ ಅಡಗಿ, ಮೂತಿ ತುಸು ಬಾಗಿ, ತೇಲುತ್ತ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಭಕ್ತರ ಕಣ್ಣಿಗೆ ಹಿಡಿಕೆ ಕಾಣಲಿಲ್ಲ, ಬೋಟು ಶರಣು ಮಾಡಿದ್ದೇ ಕಂಡಿತು.

ಹಿಡಿಕೆಯೊಳಗಿನ ಸವೆದ ಹಲ್ಲಿಗೆ ಇಷ್ಟು ದೊಡ್ಡ ಹೆಸರು ಬಂದದ್ದು ಅಂದಾನಪ್ಪನಿಗೆ ನಗೆ ತರಿಸಬೇಕಿತ್ತು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅವ್ವ, "ನಾಳೆ ನಾ ಸಂಗಮಕ್ಕ ಹೋಗತೇನಪಾ. ನನ್ನ ಮಗನ ಕೈ ಬಿದ್ದ ಬೋಟಿನ್ಯಾಗ ಕುಂತು ಬರತೇನಿ" ಅಂದಳು. ಅವನು ರೊಟ್ಟಿ ಮುರಿಯುತ್ತ ಹೂಂ ಅಂದ. ಹೂಂ ಅಂದದ್ದು ಈಗ ನೆನಪಾಯಿತು. ಆ ಹೂಂ ಅನ್ನುವಾಗ ತನಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ. ಗೊತ್ತಿದ್ದರೆ ಅವ್ವನಿಗೆ ಹೋಗು ಅನ್ನುವ ಮಗ ಎಲ್ಲಾದರೂ ಇದ್ದಾನೆಯೇ? ಹಾಗಂತ ಪೂರ್ತಿ ಗೊತ್ತಿರಲಿಲ್ಲ ಅನ್ನಲೂ ನಾಲಗೆ ಏಳಲಿಲ್ಲ. ಹಿಡಿಕೆಯ ಮಾತು ಮನಸ್ಸಿನ ಒಂದು ಮೂಲೆಯಲ್ಲಿತ್ತು, ಅವ್ವನ ಮಾತು ಇನ್ನೊಂದು ಮೂಲೆಯಲ್ಲಿ. ಎರಡನ್ನೂ ಕೂಡಿಸಲು ಈ ವೈಸಿನ ಸಲಾಕೆ ಬೀಳಬೇಕಾಯಿತು.

ಹೋದ ತಿಂಗಳು ಗಾಳಿ ಎದ್ದ ದಿನ ಮಲಕಪ್ಪನ ಕೈ ಜೋಮು ಹಿಡಿದು ಹಿಡಿಕೆ ಬಿದ್ದು, ಬೋಟು ಮೂವತ್ತು ಜನರ ಸಮೇತ ಸೆಳವಿಗೆ ಸಿಕ್ಕು ಎಲ್ಲಿಗೋ ಹೋಗಿ ಮುಳ್ಳುಕಂಟಿಯಲ್ಲಿ ನಿಂತಿತ್ತು. ಅದರ ಮೇಲೆ ಇಲಾಖೆಯ ಸಾಹೇಬರು ಅಂದಾನಪ್ಪನನ್ನು ಕರೆದದ್ದು. ಸಾಹೇಬರಿಗೆ ಹೊಸ ಸಾಮಾನು ತರಿಸುವುದೆಂದರೆ ಆರು ತಿಂಗಳ ಪತ್ರ ವ್ಯವಹಾರ. ಅಂದಾನಪ್ಪನಿಗೆ ಎರಡು ದಿನದ ಕೆಲಸ. ಶನಿವಾರ ಬೋಟಿನಲ್ಲಿ ಒಂದು ಸಲ ಕೂತು ಹೋಗಿ ನೋಡಿ, ಹಿಡಿಕೆ ಬಿಚ್ಚಿಕೊಂಡು ಹುನಗುಂದಕ್ಕೆ ಬಂದ. ದಂಡವನ್ನು ಕಚ್ಚಿ ಹಿಡಿಯಬೇಕಾದ ತೂತಿನ ಹಲ್ಲುಗಳು ಮುದುಕಿಯ ಒಸಡಿನ ಹಾಗೆ ನುಣ್ಣಗಾಗಿದ್ದವು. ಗ್ಯಾಸಿನಲ್ಲಿ ಹಿತ್ತಾಳೆ ಕರಗಿಸಿ ತುಂಬಿ, ಮೂರು ಮೂಲೆಯ ಅರ ಹಿಡಿದು ಒಂದೊಂದೇ ಹಲ್ಲು ಕೊರೆದ. ಮೂವತ್ತಾರು ಹಲ್ಲು. ಅಷ್ಟಾದರೂ ಸಾಲದು, ಹಿಡಿಕೆ ಬಿಟ್ಟಲ್ಲಿ ನಿಲ್ಲಬೇಕಾದರೆ ನಟ್ಟಿನ ಕೆಳಗೆ ಬಿಗಿ ಹಿಡಿಯುವ ವಾಷರ್ ಬೇಕು. ಕಬ್ಬಿಣದ್ದು ಜಾರುತ್ತದೆ, ರಬ್ಬರು ಎಣ್ಣೆಗೆ ಕರಗುತ್ತದೆ. ಇಳಕಲ್ಲಿನ ಮನೆಯಿಂದ ಬರುವಾಗ ತಂದ ಡಬ್ಬಿಯಲ್ಲಿ ಅಪ್ಪನ ಮಗ್ಗದ ತೊಗಲಿನ ತುಂಡೊಂದಿತ್ತು. ಲಾಳಿಗೆ ಹೊಡೆತ ಕೊಟ್ಟು ಕೊಟ್ಟು ಕಲ್ಲಿನಂತಾದ ಎಮ್ಮೆಯ ತೊಗಲು. ಅದನ್ನೇ ದುಂಡಗೆ ಕತ್ತರಿಸಿ ತೂತು ಹೊಡೆದು ಎಣ್ಣೆಯಲ್ಲಿ ನೆನೆಹಾಕಿದ. ನೀರು ತಾಕಿದಷ್ಟೂ ಅದು ಉಬ್ಬಿ ಇನ್ನಷ್ಟು ಬಿಗಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

"ರಾಚಪ್ಪಣ್ಣ, ನಾ ಒಂದೀಟು ಹೋಗಬೇಕಾಗಿತ್ತು" ಎಂದು ಅವನು ಶೆಡ್ಡಿನ ಮೇಸ್ತ್ರಿಯ ಮುಂದೆ ನಿಂತಾಗ ಕೈಯ ಗ್ರೀಸನ್ನೂ ಒರೆಸಿಕೊಂಡಿರಲಿಲ್ಲ. ರಾಚಪ್ಪ ಕನ್ನಡಕದ ಮೇಲಿಂದ ನೋಡಿದ. "ಎಲ್ಲಿಗ್ಲೇ? ನಿನ್ನೆ ಮೊನ್ನೆ ಬೋಟು ಬೋಟು ಅಂತ ಹೋಗಿದ್ದಿ. ಇಂದ ಪಂಪು ಯಾರ ನೋಡಬೇಕು?" ಬೋಟಿಗೇ ಮತ್ತೆ ಹೋಗಬೇಕು ಎಂದು ಹೇಳಬಹುದಿತ್ತು. ಹೇಳಿದರೆ, ಯಾಕ, ಕೆಲಸ ಸರಿ ಆಗಿಲ್ಲೇನು ಎಂದು ಕೇಳುತ್ತಾನೆ. ಸರಿ ಆಗಿಲ್ಲ ಅಂದರೆ ಸುಳ್ಳು. ಇಷ್ಟು ಸರಿಯಾದ ಕೆಲಸ ತಾನು ಈ ಹದಿನಾಲ್ಕು ವರ್ಷದಲ್ಲಿ ಮಾಡಿರಲಿಲ್ಲ. ಸರಿ ಆಗಿದೆ, ಅದಕ್ಕೇ ಹೋಗಬೇಕು ಅಂದರೆ ಯಾವನು ನಂಬುತ್ತಾನೆ? ಕೊನೆಗೆ, "ಅವ್ವಗ ಆರಾಮಿಲ್ಲ" ಅಂದ. ಮಾತು ಬಾಯಿಂದ ಬಿದ್ದ ಮೇಲೆ ಮೈ ಜುಂ ಅಂದಿತು. ಇವತ್ತೇ ಈ ಮಾತೇ ಬರಬೇಕಿತ್ತೇ ನಾಲಗೆಗೆ. ರಾಚಪ್ಪನ ಮುಖ ಮೆತ್ತಗಾಯಿತು. "ಮದಲ ಹೇಳಬಾರದೇನೋ, ಮಬ್ಬ. ಹೋಗು, ದವಾಖಾನಿಗೆ ಕರಕೊಂಡು ಹೋಗು" ಎಂದು ತನ್ನ ಸೈಕಲ್ಲನ್ನೂ ಕೊಟ್ಟ. ಆ ಸೈಕಲ್ಲನ್ನು ಬಸ್‌ಸ್ಟ್ಯಾಂಡಿನ ಹೋಟೆಲ್ಲಿನ ಗೋಡೆಗೆ ಒರಗಿಸಿ, ಬೀಗ ಹಾಕಲೂ ಮರೆತು, ವಿಜಾಪುರದ ಬಸ್ಸಿನ ಮೆಟ್ಟಿಲಿಗೆ ಜೋತುಬಿದ್ದ.

ಬಸ್ಸು ತುಂಬಿತ್ತು. ಸೋಮವಾರವಾದ್ದರಿಂದ ಅರ್ಧ ಜನ ಸಂಗಮದ ಕ್ರಾಸಿನಲ್ಲಿ ಇಳಿಯುವವರೇ. ಹಣೆಯ ತುಂಬ ವಿಭೂತಿ ಬಳಿದುಕೊಂಡ ಮುದುಕನೊಬ್ಬ, ಸಂಗಯ್ಯ ಎಂದು ಉಳಿದವರು ಕರೆಯುತ್ತಿದ್ದರು, ಬೋಟಿನ ಕಥೆ ಹೇಳುತ್ತಿದ್ದ. "ನಾ ಕಣ್ಣಾರೆ ಕಂಡೇನಿ. ಯಾರೂ ಮುಟ್ಟಲಿಲ್ಲ, ತನ್ನಷ್ಟಕ್ಕ ತಾ ತಲಿ ಬಾಗಿಸ್ತು." ಇನ್ನೊಬ್ಬ, "ಈಗ ಅದರ ರಿಪೇರಿ ಆಗೇತಂತ" ಅಂದ. ಅಂದಾನಪ್ಪ ಗಕ್ಕನೆ ಕಿಟಕಿಯ ಕಡೆ ಮುಖ ತಿರುಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ತನ್ನ ಕೈಯ ಗ್ರೀಸನ್ನು ಧೋತರದ ಅಂಚಿಗೆ ತಿಕ್ಕತೊಡಗಿದ. ತಿಕ್ಕುತ್ತ ತಿಕ್ಕುತ್ತ ಲೆಕ್ಕ ಹಾಕಿದ. ಎಂಟರ ಬಸ್ಸೆಂದರೆ ಒಂಬತ್ತಕ್ಕೆ ಅಲ್ಲಿ. ಅವ್ವ ಸ್ನಾನ ಮಾಡುತ್ತಾಳೆ, ದರ್ಶನಕ್ಕೆ ಸಾಲು ನಿಲ್ಲುತ್ತಾಳೆ, ಕಂಡ ಕಂಡ ಗುಡಿಗೆಲ್ಲ ಸುತ್ತು ಹಾಕುತ್ತಾಳೆ. ಮಲಕಪ್ಪ ಸೋಮವಾರ ಮಂಗಳಾರತಿ ಮುಗಿಯದೆ ಎಂಜಿನ್ನು ಚಾಲು ಮಾಡುವುದಿಲ್ಲ. ಹನ್ನೊಂದೂವರೆ. ಈಗ ಹತ್ತು ಐವತ್ತು. ಬಸ್ಸು ನಿಂತಿತು, ಯಾವನೋ ಮೇಲಿಂದ ಜೋಳದ ಚೀಲ ಇಳಿಸುತ್ತಿದ್ದ. ಕಂಡಕ್ಟರನ ಮೇಲೆ ಸಿಟ್ಟು ಉಕ್ಕಿತು. ಚೀಲದವನು ಇಳಿಸಿದ ಮೇಲೂ ಬಾಯಿ ಕಟ್ಟು ಸರಿಮಾಡಿಕೊಳ್ಳುತ್ತ ಟಾಯರಿನ ಮುಂದೆಯೇ ಕೂತಿದ್ದ.

ನಿನ್ನೆ ಹಿಡಿಕೆ ಕೂಡಿಸುವಾಗ ಸಾಹೇಬರು ಕೊಡೆ ಹಿಡಿದು ದಂಡೆಯ ಮೇಲೆ ನಿಂತಿದ್ದರು. ಮಲಕಪ್ಪ ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿದ್ದ. ಅಂದಾನಪ್ಪ ತೊಗಲಿನ ವಾಷರ್ ತೆಗೆದದ್ದು ನೋಡಿ, "ಇದೇನ್ರಿ ಫಿಟ್ಟರ್ ಸಾಹೇಬ್ರ, ಮಗ್ಗದ ತೊಗಲೇನು? ನೀರಿನ ಮ್ಯಾಲ ಲಾಳಿ ಓಡಸಾಕ ಹೊಂಟೀರಿ?" ಅಂದ. ಸಾಹೇಬರು ಹೋ ಎಂದು ನಕ್ಕರು. ನಗುವಾಗ ಅವರ ಕೊಡೆ ಅಲುಗಾಡಿ, ನಿಂತಿದ್ದ ಹನಿ ನೀರು ಅಂದಾನಪ್ಪನ ಕತ್ತಿನ ಮೇಲೆ ಬಿತ್ತು. "ಮಗ್ಗದ ಫಿಟ್ಟರ್" ಎಂದು ಅವರು ಇನ್ನೊಮ್ಮೆ ಅಂದು ಇನ್ನೊಮ್ಮೆ ನಕ್ಕರು. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ತಾವೂ ನಕ್ಕು ಬಿಡುತ್ತಿದ್ದರು. ಮಗ್ಗದ ಗುಂಡಿಯಿಂದ ಎದ್ದು ಬಂದು ಹದಿನಾಲ್ಕು ವರ್ಷ ಕಬ್ಬಿಣದ ಜೊತೆ ಗುದ್ದಾಡಿದರೂ ಆ ಗುಂಡಿಯಿಂದ ಎದ್ದೇ ಇಲ್ಲವೆಂಬಂತೆ ಅಂದಾನಪ್ಪನಿಗೆ ಕಿವಿಯ ತನಕ ಬಿಸಿ ಹತ್ತಿತು. ಪಾನಾ ಹಾಕಿ ನಟ್ಟನ್ನು ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚಿಗೆ ಬಿಗಿದ. ಆಮೇಲೆ ದಂಡೆಯ ಗುಂಟ ಒಂದು ಸುತ್ತು ಓಡಿಸಿ ನೋಡಿದರು. ಹಿಡಿಕೆ ಬಂಡೆಯಂತೆ ನಿಂತಿತು. ಸಾಹೇಬರು ಬೆನ್ನು ತಟ್ಟಿ, "ಭಲೆ ಅಂದಾನಪ್ಪ" ಅಂದರು. ಆಗ, ಬೆನ್ನಿನ ಮೇಲೆ ಸಾಹೇಬರ ಕೈ ಇದ್ದಾಗಲೇ, ಮಲಕಪ್ಪ ಶನಿವಾರ ನಡುನೀರಿನಲ್ಲಿ ಕೈ ಎತ್ತಿ ಮುಗಿದದ್ದು ಕಣ್ಣ ಮುಂದೆ ಬಂದು ಹೋಯಿತು.

ಬಂದು ಹೋಯಿತೇ? ಅಥವಾ ಈಗ, ಬಸ್ಸಿನ ಕುಲುಕಾಟದಲ್ಲಿ, ತಾನೇ ಅದನ್ನು ಅಲ್ಲಿ ಒಯ್ದು ಇಡುತ್ತಿದ್ದಾನೆಯೇ? ಬಂದದ್ದು ಖರೆ ಆದರೆ ಆಗ ಏನೆಂದುಕೊಂಡೆ? ಏನೂ ಅಂದುಕೊಳ್ಳಲಿಲ್ಲ. ಇಲ್ಲ, ಅಂದುಕೊಂಡೆ. ಮಲಕಪ್ಪ ನೀರಿನ ಮೇಲೆ ಹುಟ್ಟಿದವನಂತೆ, ಅಷ್ಟೂ ತಿಳಿಯದಿದ್ದರೆ ತಿಳಿದುಕೊಳ್ಳಲಿ, ಒಮ್ಮೆ ಗೋಡೆಗೆ ಮೂತಿ ತಾಕಲಿ, ಆಗ ಲಾಳಿ ಯಾವುದು ಬೋಟು ಯಾವುದು ಗೊತ್ತಾಗುತ್ತದೆ. ಇಷ್ಟುದ್ದ ಮಾತು ಒಂದು ಕ್ಷಣದಲ್ಲಿ ಮನಸ್ಸಿಗೆ ಬರಬಹುದೇ? ಬೋಟಿನಲ್ಲಿ ಮೂವತ್ತು ಜನ ಇರುತ್ತಾರೆಂಬುದು ಆ ಕ್ಷಣದಲ್ಲಿ ಬಂದಿರಲಿಲ್ಲ, ಬರೀ ಮಲಕಪ್ಪ ಬಂದಿದ್ದ, ಬೀಡಿ ಹಿಡಿದ ಅವನ ಹಲ್ಲು ಬಂದಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ ದೊಡ್ಡವರು. ಆಡದೆ ಹೋದ ಮಾತಿಗೆ ಏನನ್ನುತ್ತಾರೋ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಪ್ಪ ಒಮ್ಮೆ ಕೇಳಿದ್ದ. ಇಳಕಲ್ಲಿನ ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದೇ ಕೊಂಡಿ ಹಾಕಿ ಕೂಡಿಸಬೇಕು, ಸಾವಿರಾರು ಕೊಂಡಿ. ಅಂದಾನಪ್ಪ ಇಪ್ಪತ್ತರ ಪ್ರಾಯದಲ್ಲಿ ಒಂದು ಸೀರೆಗೆ ಕೊಂಡಿ ಹಾಕುವಾಗ ನಾಲ್ಕು ಎಳೆ ಬಿಟ್ಟುಹೋಗಿದ್ದವು. ಬಿಟ್ಟದ್ದು ಕಣ್ಣಿಗೆ ಬಿತ್ತು. ಬಿಚ್ಚಿದರೆ ಅರ್ಧ ದಿನದ ಕೆಲಸ, ಬಿಚ್ಚುವುದನ್ನು ಅಣ್ಣ ನೋಡಿದರೆ ಓಣಿಗೆಲ್ಲ ಹೇಳಿ ನಗುತ್ತಾನೆ. ಹೆಬ್ಬೆರಳಿಗೆ ಗಂಜಿ ಹಚ್ಚಿ ತೀಡಿ ಮುಚ್ಚಿಬಿಟ್ಟ. ತಿಂಗಳೊಪ್ಪತ್ತಿನಲ್ಲಿ ಸೀರೆ ತಿರುಗಿ ಬಂತು. ಕೊಂಡವರು ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಹಾಸಿ ತೋರಿಸಿದ್ದರಂತೆ. ಅಪ್ಪ ಮನೆಗೆ ಬಂದು ಸೆರಗಿನ ಬಿರುಕಿನಲ್ಲಿ ಬೆರಳು ತೂರಿಸಿ, "ಇದು ನಿನಗ ಕಂಡಿರಲಿಲ್ಲೇನು?" ಅಂದ. "ಇಲ್ಲಪಾ" ಅಂದ ಅಂದಾನಪ್ಪ. "ಹೋಗಲಿ ಬಿಡು. ಕಣ್ಣಿಗೆ ಕಂಡಿರಲಿಕ್ಕಿಲ್ಲ" ಎಂದು ಅಪ್ಪ ತಾನೇ ಕೂತು ಅದನ್ನು ಸೂಜಿಯಲ್ಲಿ ಕೂಡಿಸಿದ. ಬೈದಿದ್ದರೆ ಅಂದೇ ಮರೆತುಹೋಗುತ್ತಿತ್ತು. ಮರುವರ್ಷ ಮಗ್ಗ ಬಿಟ್ಟು ಕಬ್ಬಿಣದ ಕೆಲಸಕ್ಕೆ ಬಂದವನಿಗೆ, ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ, ಹೊಟ್ಟೆಗೆ ಹುಟ್ಟುತ್ತಿರಲಿಲ್ಲ ಎಂದು ಹೇಳುವುದು ರೂಢಿಯಾಗಿತ್ತು.

ಕ್ರಾಸಿನಿಂದ ಊರಿಗೆ ಟ್ರ್ಯಾಕ್ಟರೊಂದು ಸಿಕ್ಕಿತು. ಟ್ರೇಲರಿನಲ್ಲಿ ನಿಂತು ಹಗ್ಗ ಹಿಡಿದುಕೊಂಡು ಹೋಗುವಾಗ ಗುಡಿಯ ಗಂಟೆ ಕೇಳಿಸಿತು, ಮಂಗಳಾರತಿ ನಡೆದಿತ್ತು. ಗಂಟೆ ನಿಂತಿತು. ಅದಾದ ಮೇಲೆ ಟ್ರ್ಯಾಕ್ಟರಿನ ಸದ್ದಿನೊಳಗೆ ಇನ್ನೊಂದು ಎಂಜಿನ್ನಿನ ಸದ್ದು ಕೇಳಿಸಿದಂತಾಯಿತು. ಭ್ರಮೆ ಇರಬೇಕು ಅಂದುಕೊಂಡ. ಗುಡಿಯ ಹತ್ತಿರ ಹಾರಿ ಇಳಿದು, ತೆಂಗಿನಕಾಯಿ ಮಾರುವವರ ನಡುವೆ ಮೈ ತೂರಿಸಿ ಓಡಿದ. ಕಾಲಿನ ಒಂದು ಚಪ್ಪಲಿ ಯಾವುದೋ ಬುಟ್ಟಿಗೆ ತೊಡಕಿ ಕಳಚಿತು. "ಕಣ್ಣ ಕಾಣಂಗಿಲ್ಲೇನೋ" ಎಂದು ಹೆಂಗಸೊಬ್ಬಳು ಬೈದಳು. ಮೆಟ್ಟಿಲ ತುದಿಗೆ ಬಂದು ನಿಂತಾಗ ಬೋಟು ಆಗಲೇ ಹೊಳೆಯ ನಡುವೆ ಇತ್ತು.

ದೂರದಿಂದ ಎಲ್ಲ ಸಣ್ಣದಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ತುಂಬಿ ಕುಳಿತ ಜನ. ಹಿಂಬದಿಯಲ್ಲಿ ಎಂಜಿನ್ನಿನ ಪೆಟ್ಟಿಗೆಯ ಪಕ್ಕ ಎಡಗೈ ಚುಕ್ಕಾಣಿಗೆ, ಬಲಗೈ ಹಿಡಿಕೆಗೆ ಕೊಟ್ಟು ನಿಂತ ಮಲಕಪ್ಪ. ಅವನ ಮಗ್ಗುಲಿಗೇ ಒಂದು ಹಸಿರು ಸೀರೆ. ಅವ್ವನ ಹಸಿರು ಸೀರೆ, ಅಪ್ಪ ನೇಯ್ದದ್ದು. ಮಗ ರಿಪೇರಿ ಮಾಡಿದ ಹಿಡಿಕೆಯನ್ನು ನೋಡಬೇಕೆಂದು ಹತ್ತಿರ ಜಾಗ ಹಿಡಿದು ಕೂತಿದ್ದಾಳೆ. ಮುಂದೆ ಮಂಟಪದ ಗೋಡೆ, ಹೊಸ ಕಲ್ಲಿನ ಗೋಡೆ, ಬೋಟಿಗೆ ಹತ್ತಿರ ಹತ್ತಿರವಾಗುತ್ತಿದೆ. "ಮಲಕಪ್ಪಾ, ಕೈ ಬಿಡಬ್ಯಾಡ" ಎಂದು ಅಂದಾನಪ್ಪ ಕೂಗಿದ. ಎಂಜಿನ್ನಿನ ಆರ್ಭಟದಲ್ಲಿ ಅದು ಯಾರಿಗೆ ಕೇಳಬೇಕು. ಪಕ್ಕದಲ್ಲಿ ಸ್ನಾನ ಮಾಡುತ್ತಿದ್ದವರು ತಿರುಗಿ ನೋಡಿದರು. ಮೊಣಕಾಲಿನ ತನಕ ನೀರಿಗೆ ಇಳಿದು ಮತ್ತೆ ಕೂಗಿದ, ದನಿ ಒಡೆದು ಬರೀ ಗಾಳಿ ಬಂತು. ಬೋಟು ಎರಡು ಬಣ್ಣದ ನೀರು ಕೂಡುವ ಗೆರೆಗೆ ಬಂತು. ಮಲಕಪ್ಪನ ಎಡಗೈ ಎದ್ದಿತು. ಬಲಗೈ ಎದ್ದಿತು. ಎರಡೂ ತಲೆಯ ಮೇಲೆ ಕೂಡಿದವು. ಅಂದಾನಪ್ಪ ಕಣ್ಣು ಮುಚ್ಚಿಕೊಂಡ.

ಸದ್ದು ಇಳಿಯಿತು. ಮೊದಲು ಗುಟುರು, ಆಮೇಲೆ ಗೊಣಗು, ಆಮೇಲೆ ನೀರಿನ ಮೇಲೆ ತೇಲಿ ಬಂದ ಜನರ ದನಿ, ಶರಣು ಶರಣಾರ್ಥಿ. ಕಣ್ಣು ತೆರೆದಾಗ ಬೋಟು ಮೂತಿ ಬಾಗಿಸಿ ಮೆಲ್ಲಗೆ ಗೋಡೆಯ ಕಡೆ ತೇಲುತ್ತಿತ್ತು, ಎಂದಿನಂತೆ. ಅವನು ನೀರಿನಿಂದ ಮೇಲೆ ಬಂದು ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವ್ವ ಉಳಿದಳು. ಇಷ್ಟು ಅಂದುಕೊಳ್ಳುವಷ್ಟರಲ್ಲೇ ಇನ್ನೊಂದು ಯೋಚನೆ ಹಿಂದೆಯೇ ಬಂತು: ಹಿಡಿಕೆ ಬಿತ್ತು. ನನ್ನ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಮೂವತ್ತಾರು ಹಲ್ಲು ಕೊರೆದದ್ದು ನೀರು ಪಾಲಾಯಿತು, ಸಾಹೇಬರಿಗೆ ಏನು ಹೇಳುವುದು, ಮಲಕಪ್ಪ ಎಷ್ಟು ನಗಬಹುದು. ಅವ್ವನ ಜೀವ ಉಳಿದ ಹೊತ್ತಿನಲ್ಲಿ ಹಲ್ಲು ಸವೆದದ್ದಕ್ಕೆ ನಾಚುತ್ತಿರುವ ತನ್ನನ್ನು ಕಂಡು ಅಂದಾನಪ್ಪನಿಗೆ ಹೇಸಿಗೆಯಾಯಿತು. ಆದರೂ ನಾಚಿಕೆ ಹೋಗಲಿಲ್ಲ.

ಬೋಟು ತಿರುಗಿ ಬಂದು ದಂಡೆಗೆ ಹತ್ತಿದಾಗ ಅವ್ವ ಅವನನ್ನು ನೋಡಿ ಅಚ್ಚರಿಯೇನೂ ಪಡಲಿಲ್ಲ. "ನನ್ನ ಮಗ ಬಂದಾನ ನೋಡವಾ. ತಾ ಮಾಡಿದ್ದು ಹೆಂಗ ನಡಿತೈತಂತ ನೋಡಾಕ ಬಂದಾನ" ಎಂದು ರಂಗವ್ವನಿಗೆ, ಇಳಿಯುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. "ಮದಲಿಗಿಂತ ಚಂದ ಶರಣು ಮಾಡ್ತಂತಪಾ." ಅವನು ಅವಳ ಕೈ ಹಿಡಿದು ನೋಡಿದ. ಬೆಚ್ಚಗಿತ್ತು. "ಯಾಕೋ, ಮೈಯಾಗ ಆರಾಮಿಲ್ಲೇನು? ಚಪ್ಪಲಿ ಎಲ್ಲಿ ಬಿಟ್ಟಿ?" ಅಂದಳು. ಆರಾಮ ಅದೇನಿ ಎಂದು ಹೇಳಿ ಅವಳನ್ನು ನೆರಳಿಗೆ ಕೂಡಿಸಿ, ಎಂಜಿನ್ನಿನ ಕಡೆ ಹೋದ.

ಮಲಕಪ್ಪ ನಗಲಿಲ್ಲ. ಸೊಂಟದ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿ, ತೊಗಲಿನ ವಾಷರನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. "ತಗೋರಿ. ಚಲೋ ತೊಗಲೈತಿ, ಒಗೀಬಾರದಂತ ಇಟ್ಟೇನಿ. ನಿನ್ನೆ ಸಂಜಿಮುಂದ ನಾನ ಬಿಚ್ಚಿದೆ. ನೀವು ಬಿಗಿದಿದ್ದು ಬಿಚ್ಚಬೇಕಾದ್ರ ನನ್ನ ಭುಜ ಕಳಚಿ ಬಂತು ನೋಡ್ರಿ."

ಅಂದಾನಪ್ಪ ಅದನ್ನು ತನ್ನ ಅಂಗೈಗೆ ತೆಗೆದುಕೊಂಡ. ಮಲಕಪ್ಪ ದನಿ ತಗ್ಗಿಸಿದ. "ಖರೆ ಹೇಳಬೇಕಂದ್ರ ನೀವು ನಟ್ಟು ಬಿಗಿಯೂ ಹೊತ್ತಿಗೇ ನನಗ ಗೊತ್ತಾತು, ನಾ ಕೈ ಮುಗಿದ್ರ ಬೋಟು ಇನ್ನ ನಿಲ್ಲಂಗಿಲ್ಲ ಅಂತ. ಆದ್ರ ಸಾಹೇಬ್ರು ನಿಮ್ಮ ಬೆನ್ನು ತಟ್ಟಾಕ ಹತ್ತಿದ್ರು. ಅಂಥಾದ್ರಾಗ ನಾ ಬಾಯಿ ಹಾಕಿದ್ರ ನಿಮ್ಮ ಮಾನ ಕಳದಂಗ ಆಗತಿತ್ತು. ಅದರ ಮ್ಯಾಲ ಲಾಳಿ ಗೀಳಿ ಅಂತ ಒಂದ ಮಾತು ಆಡಿದ್ದೆ, ಅದು ನಿಮಗ ನಟ್ಟಿತ್ತು, ಮಾರಿ ನೋಡಿದ ಕೂಡಲೆ ತಿಳೀತು. ಹಿಂಗಾಗಿ ಸುಮ್ಮನಾದೆ. ನಿಮಗರೆ ಹೆಂಗ ಹೊಳೀಬೇಕು, ಒಂದ ಸರ್ತಿ ಬೋಟಿನ್ಯಾಗ ಕುಂತಾವರು. ನಿಮಗ ಹೊಳದಿರಲಿಕ್ಕಿಲ್ಲ."

ಬಾಗಿಲು ಇಲ್ಲೇ ತೆರೆದಿತ್ತು. ಹೌದು ಕಾಕಾ, ಹೊಳೀಲಿಲ್ಲ ಅಂದುಬಿಟ್ಟರೆ ಮುಗಿಯಿತು. ಇಬ್ಬರೂ ಒಂದು ಬೀಡಿ ಹಚ್ಚಬಹುದು. ಆ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು, ಬಹಳ ವರ್ಷಗಳಿಂದ ಬಂದು ಅಲ್ಲಿಯೇ ಕೂತಿದ್ದಂತೆ. ಅಂದಾನಪ್ಪ ಅಂಗೈಯಲ್ಲಿದ್ದ ತೊಗಲನ್ನು ನೋಡಿದ. ಒದ್ದೆಯಾಗಿ ಉಬ್ಬಿತ್ತು, ಅಂಚಿನಲ್ಲಿ ಅಪ್ಪನ ಲಾಳಿ ಹೊಡೆದ ಗುಳಿ ಇನ್ನೂ ಇತ್ತು.

"ಹೊಳದಿತ್ತು" ಅಂದ.

"ಆಂ?"

"ನಿನ್ನೇನ ಹೊಳದಿತ್ತು, ಕಾಕಾ. ನೀ ಕೈ ಮುಗಿಯೂದು ನೆನಪಾಗಿತ್ತು. ಸಿಟ್ಟಿನ್ಯಾಗ ಹೇಳಲಿಲ್ಲ."

ಮಲಕಪ್ಪ ಅವನನ್ನು ನೋಡಿದ. ನೆರಳಿನಲ್ಲಿ ಕಾಲು ಚಾಚಿ ಕೂತು ರಂಗವ್ವನಿಗೆ ಏನೋ ಹೇಳುತ್ತಿದ್ದ ಹಸಿರು ಸೀರೆಯನ್ನು ನೋಡಿದ. ಅವನ ದವಡೆ ಒಂದೆರಡು ಸಲ ಆಡಿತು. ಬೈಗಳು ಬರುತ್ತದೆಂದು ಅಂದಾನಪ್ಪ ಕಾದ, ಬರಲಿ ಎಂದು ಕಾದ. ಮಲಕಪ್ಪ ಬೀಡಿಯ ಕಟ್ಟು ತೆಗೆದ, ಒಂದನ್ನು ಎಳೆದು ಹಾಗೆಯೇ ಒಳಗೆ ತುರುಕಿದ. ಹೊಳೆಯ ಮೇಲೆ ಪಡುವಣ ಗಾಳಿ ಎದ್ದು ನೀರು ಸುಕ್ಕುಗಟ್ಟುತ್ತಿತ್ತು. ಎರಡನೆಯ ಖೇಪಿಗೆ ಜನ ಮೆಟ್ಟಿಲ ಮೇಲೆ ಸೇರತೊಡಗಿದ್ದರು.

"ಗಾಳಿ ಎದ್ದೈತಿ" ಎಂದ ಕೊನೆಗೆ, ಅವನ ಮುಖ ನೋಡದೆ. "ಇಂಥಾ ಗಾಳ್ಯಾಗ ಹಿಡಿಕಿ ಜಾರೂದೂ ಚಲೋ ಅಲ್ಲ. ಹಾಕ್ರಿ ಇದನ್ನ. ನಿನ್ನೆ ಎಷ್ಟು ಬಿಗಿದಿದ್ರಿ ಅಷ್ಟು ಬ್ಯಾಡ. ಮತ್ತ ಇಲ್ಲೇ ನನ್ನ ಮಗ್ಗಲಿಗೆ ಕುಂದರ್ರಿ. ನಾ ಕೈ ಮುಗಿಯೂ ಹೊತ್ತಿಗೆ ಹಿಡಿಕಿ ನಿಮ್ಮ ಕೈಯಾಗ."

ಪಾನಾ ತಂದಿರಲಿಲ್ಲ, ಮಲಕಪ್ಪನ ತುಕ್ಕು ಹಿಡಿದ ಪಾನಾದಲ್ಲೇ ಕೂಡಿಸಿದ. ನಟ್ಟು ಎರಡು ಸಲ ಜಾರಿ ಕೆಳಗೆ ಬಿತ್ತು. ಜನ ಹತ್ತಿದರು. ಅವ್ವ, ಮಗನ ಜೊತೆ ಇನ್ನೊಮ್ಮೆ ಹೋಗುತ್ತೇನೆಂದು ಹಟ ಹಿಡಿದು ಮತ್ತೆ ಬಂದು ಎದುರಿಗೇ ಕೂತಳು. ಬೇಡವೆನ್ನಲು ಅವನಿಗೆ ಬಾಯಿ ಇರಲಿಲ್ಲ. ಮಲಕಪ್ಪ ಹಿಡಿಕೆ ಏರಿಸಿದ, ಅದು ಏರಿಸಿದಲ್ಲೇ ನಿಂತಿತು. ಗಾಳಿಗೆ ಎದ್ದ ನೀರು ಸಿಡಿದು ಹಿಡಿಕೆಯ ಬುಡವೆಲ್ಲ ತೊಯ್ದಿತು. ತೊಗಲು ಉಬ್ಬುತ್ತಿದೆ, ಈಗ ಎಷ್ಟು ಬಿಗಿ ಹಿಡಿದಿದೆಯೋ, ಎಳೆದಾಗ ಬರುತ್ತದೆಯೋ ಇಲ್ಲವೋ. ಎರಡು ಬಣ್ಣದ ನೀರಿನ ಗೆರೆ ಹತ್ತಿರವಾಯಿತು. ಈಗ ಮಲಕಪ್ಪ ತನ್ನ ಕಡೆ ನೋಡುತ್ತಾನೆ, ಒಂದು ಮಾತು ಎಚ್ಚರಿಸುತ್ತಾನೆ ಅಂದುಕೊಂಡ. ಮಲಕಪ್ಪ ನೋಡಲಿಲ್ಲ. ಎಡಗೈ ಎತ್ತಿದ, ಬಲಗೈ ಎತ್ತಿದ, ಎಂದಿನಂತೆ ಕಣ್ಣು ಮುಚ್ಚಿದ. ಅವನ ರೆಪ್ಪೆ ಕೂಡ ಅದುರುತ್ತಿರಲಿಲ್ಲ.

ಗೋಡೆ ಬರುತ್ತಿತ್ತು. ಅಂದಾನಪ್ಪ ಎಳೆದ. ಹಿಡಿಕೆ ಅಲುಗಲಿಲ್ಲ. ಬೋಟಿನಲ್ಲಿದ್ದವರೆಲ್ಲ ಕಣ್ಣು ಮುಚ್ಚಿದ್ದರು, ಅವ್ವನೂ. ಇಷ್ಟು ಜನರ ನಡುವೆ ಕಣ್ಣು ತೆರೆದವನು ತಾನೊಬ್ಬನೇ ಎಂಬುದು ಅವನಿಗೆ ತಿಳಿಯಿತು. ಬೆಂಚಿಗೆ ಕಾಲು ಒತ್ತಿ, ಎರಡೂ ಕೈ ಹಾಕಿ ಇನ್ನೊಮ್ಮೆ ಎಳೆದ. ತೊಗಲು ಕಿರ್ರೆಂದು ಬಿಟ್ಟುಕೊಟ್ಟಿತು, ಹಲ್ಲು ಹಲ್ಲಾಗಿ ಹಿಡಿಕೆ ಕೆಳಗಿಳಿಯಿತು. ಎಂಜಿನ್ನು ಗೊಣಗತೊಡಗಿತು. ಬೋಟು ಮೂತಿ ಬಾಗಿಸಿ ಮೆಲ್ಲಗೆ ತೇಲಿತು. ಸುತ್ತ ಶರಣು ಶರಣಾರ್ಥಿ ಎಂದು ದನಿ ಎದ್ದಿತು.

ಅವ್ವ ಕಣ್ಣು ತೆರೆದು ಅವನನ್ನು ನೋಡಿ ಮುಖ ಸಿಂಡರಿಸಿದಳು. "ಎಲ್ಲಾರೂ ಕೈ ಮುಗದ್ರು. ನೀ ಒಬ್ಬಾಂವ ಹಂಗ ಕುಂತಿ ನೋಡು."

ಮಲಕಪ್ಪ ಕೈ ಇಳಿಸಿ ಚುಕ್ಕಾಣಿ ಹಿಡಿದ. ಹಿಡಿಕೆಗೆ ಕೈ ಚಾಚಲಿಲ್ಲ. "ಅಂವ ಇಳಿಯೂ ಮಟಾ ಹಿಡಿಕಿ ಬಿಡಂಗಿಲ್ಲಬೇ" ಎಂದು ಅವ್ವನಿಗೆ ಹೇಳಿದ. ಅಂದಾನಪ್ಪನ ಎರಡೂ ಕೈ ಇನ್ನೂ ಹಿಡಿಕೆಯ ಮೇಲೆಯೇ ಇದ್ದವು.